ಸಾಲಿನ ಕೊನೆಯ ಖಾಲಿ ಜಾಗ

“ಅಯ್ಯನವರ ಪಾದ ಬೇಕಾಗಿತ್ರಿ,” ಎಂದ ಸಮಾಧಿಯ ಕುಣಿ ತೋಡುವ ಸಂಗಪ್ಪ, ಹೊಸ್ತಿಲ ಹೊರಗೇ ನಿಂತು. ಅವನ ಒಂದು ಕೈಯಲ್ಲಿ ಆಗಷ್ಟೇ ಕಡಿದ ಲಕ್ಕಿಯ ಕೋಲು, ಇನ್ನೊಂದರಲ್ಲಿ ಕುಡುಗೋಲು.

ಪಡಸಾಲೆಯಲ್ಲಿ ಭಜನೆಯವರು ತಾಳ ನಿಲ್ಲಿಸಿದರು. ಗೋಡೆಗೆ ಆನಿಸಿ ಕೂರಿಸಿದ್ದ ಗಂಗಯ್ಯನವರ ಕೊರಳ ತುಂಬ ಚೆಂಡುಹೂವಿನ ಮಾಲೆ, ಹಣೆಯ ತುಂಬ ವಿಭೂತಿ. ಬೆಳಗ್ಗೆಯೇ ಮೈ ತೊಳೆದು, ಪದ್ಮಾಸನ ಹಾಕಿಸಿ, ಕಾಲು ಬಿಗಿದು ಕಟ್ಟಿ, ಮೇಲೆ ಶಾಲು ಹೊದಿಸಿಯಾಗಿತ್ತು. ಎರಡೂ ಪಾದ ಒಳಗೆ ಸೇರಿಹೋಗಿದ್ದವು. ಈಗ ಅವನ್ನು ಅಳೆಯಬೇಕೆಂದರೆ ಕೂರಿಸಿದವರನ್ನು ಮತ್ತೆ ಮಲಗಿಸಬೇಕು.

“ಪಾದ ಯಾಕ ಬೇಕು ಸಂಗಪ್ಪಣ್ಣಾ?” ಎಂದ ಸುಭಾಸ. ಅವನು ಗಂಗಯ್ಯನವರ ಅಣ್ಣನ ಮಗ. ಮಕ್ಕಳಿಲ್ಲದ ಈ ಮನೆಯಲ್ಲಿ ಇವತ್ತಿನ ಓಡಾಟವೆಲ್ಲ ಅವನದೇ. “ಜೆಸಿಬಿಗೆ ಹೇಳೇನಿ. ಒಂಬತ್ತು ಫೂಟು ಉದ್ದ, ಐದು ಫೂಟು ಅಗಲ. ಟೇಪು ಹಿಡದ್ರ ಹತ್ತು ಮಿನಿಟಿನ ಕೆಲಸ.”

“ಒಂಬತ್ತು ಫೂಟಲ್ರಿ, ಒಂಬತ್ತು ಪಾದ. ಯಾರು ಹೋಗ್ಯಾರೋ ಅವರ ಪಾದ. ಟೇಪು ಹಿಡದು ತಗದ ಕುಣಿ ಊರ ಮಂದೀದು ಆಗತೈತಿ, ಅಯ್ಯನವರದು ಆಗೂದಿಲ್ಲ. ನಮ್ಮಪ್ಪ ಹಿಂಗ ತಗದಾನ, ನಾನೂ ಹಿಂಗ ತಗೀತೇನಿ. ಬ್ಯಾಡ ಅಂದ್ರ ಗುದ್ದಲಿ ಮನಿಗೆ ಒಯ್ಯತೇನಿ.”

ಸುಭಾಸನಿಗೆ ಸಿಟ್ಟು ಬಂತು. ಆದರೆ ಬೈಲಹೊಂಗಲದಲ್ಲಿ ಸಂಗಪ್ಪನ ಜೊತೆ ವಾದ ಮಾಡಿ ಗೆದ್ದವರು ಇನ್ನೂ ಹುಟ್ಟಬೇಕು. ಅಷ್ಟರಲ್ಲಿ ಚನ್ನವ್ವ ಎದ್ದಳು. ಬೆಳಗಿನಿಂದ ಗಂಡನ ಬಲಗಡೆ ಕೂತವಳು ಆಗಲೇ ಮೊದಲ ಬಾರಿ ಎದ್ದದ್ದು. ಒಳಗೆ ಟ್ರಂಕಿನ ಮುಚ್ಚಳ ತೆರೆದ ಸಪ್ಪಳವಾಯಿತು. ನಾಲ್ಕು ಮಡಿಕೆಯ ಒಂದು ಕಾಗದ ತಂದು ಸಂಗಪ್ಪನ ಮುಂದೆ ನೆಲಕ್ಕೆ ಹಾಸಿದಳು. ಅದರ ಮೇಲೆ ಪೆನ್ಸಿಲ್ಲಿನಲ್ಲಿ ತಿದ್ದಿದ ಒಂದು ಬಲಪಾದ.

“ಹ್ವಾದ ವರ್ಷ ಅಥಣಿಯಿಂದ ಚಪ್ಪಲಿ ತರಸಾಕ ತಗದಿದ್ದು,” ಎಂದಳು. “ನಾನ ಕೆಳಗ ಕುಂತು ತಿದ್ದೇನಿ. ಅವರು ಕಂಪ್ಯೂಟರ್ ಮ್ಯಾಲಿನ ಕಣ್ಣ ಕೀಳಲಿಲ್ಲ. ಪಾದ ಅಷ್ಟ ಕೊಟ್ರು.”

ಸಂಗಪ್ಪ ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಕೋಲು ಇಟ್ಟು, ಗುರುತು ಮಾಡಿ, ಕುಡುಗೋಲಿನಿಂದ ಕಚ್ಚು ಹಾಕಿ ಮುರಿದ. ಕೋಲು ಹಣೆಗೆ ಮುಟ್ಟಿಸಿಕೊಂಡು ಹೊರಟುಹೋದ.

ಕಾಗದವನ್ನು ಎತ್ತಿಕೊಳ್ಳುವಾಗ ಅದರ ಇನ್ನೊಂದು ಮಗ್ಗುಲು ಮೇಲಾಯಿತು. ಇಂಗ್ಲಿಷಿನ ಸಾಲುಗಳ ಪ್ರಿಂಟು, ಅಲ್ಲಲ್ಲಿ ಕೆಂಪು ಪೆನ್ನಿನ ಗೆರೆ. ಚನ್ನವ್ವ ಅದನ್ನು ನೋಡುತ್ತ ನಿಂತಳು. ಆಮೇಲೆ ಬಾಗಿಲ ಪಕ್ಕ ಕೂತಿದ್ದ ರೆಹಾನಳ ಹತ್ತಿರ ಬಂದಳು. ರೆಹಾನ ಗಂಗಯ್ಯನವರ ಹಳೆಯ ವಿದ್ಯಾರ್ಥಿನಿ. ಈಗ ಕಿತ್ತೂರಿನಲ್ಲಿ ಆಧಾರು, ಹೊಲದ ಉತಾರ ತೆಗೆದುಕೊಡುವ ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದಾಳೆ. ಸುದ್ದಿ ಗೊತ್ತಾದ ಕೂಡಲೇ ಮೊದಲ ಬಸ್ಸಿಗೆ ಬಂದಿದ್ದಳು.

“ಇದರಾಗ ಏನ ಐತಿ, ಓದವ್ವಾ.”

“ಪ್ರೋಗ್ರಾಮ್ ಐತ್ರಿ ಅವ್ವಾರ.”

“ಅಷ್ಟು ನನಗೂ ಗೊತ್ತೈತಿ. ಇಪ್ಪತ್ತು ವರ್ಷ ದಿನಾ ಸಂಜೀಕ ಅದರ ಮುಂದ ಕುಂತು ಏನ ಮಾಡತಿದ್ರು ಅಂತ ಕೇಳಾಕತ್ತೇನಿ. ನನಗ ಹೇಳಲಿಲ್ಲ, ನಿನಗ ಹೇಳ್ಯಾರ. ಮಣ್ಣಿಗೆ ಇಡೂಕ್ಕಿಂತ ಮೊದಲ ನನಗ ಹೇಳ.”

“ಹೇಳತೇನ್ರಿ,” ಎಂದಳು ರೆಹಾನ. ಆದರೆ ಹೇಳಲಿಲ್ಲ. ಅವಳಿಗೆ ಗೊತ್ತಿದ್ದದ್ದನ್ನು ಒಂದೇ ಮಾತಿನಲ್ಲಿ ಹೇಳಬಹುದಿತ್ತು, ಅವಳಿಗೆ ಅದರದೇ ಹೆದರಿಕೆ.

*

ಹದಿನಾರು ವರ್ಷದ ಹಿಂದೆ, ಡಿಪ್ಲೊಮಾ ಕಾಲೇಜಿನ ಲ್ಯಾಬಿನಲ್ಲಿ ರೆಹಾನ ಮೊದಲ ಪ್ರೋಗ್ರಾಮು ಬರೆದು ಓಡಿಸಿ, ಪ್ರಿಂಟು ತೆಗೆದುಕೊಂಡು ಗಂಗಯ್ಯನವರ ಮುಂದೆ ಹಿಡಿದಿದ್ದಳು. ಅವರು ಲ್ಯಾಬ್ ಇನ್‌ಸ್ಟ್ರಕ್ಟರ್. ಪಾಠ ಮಾಡುವವರು ಬೇರೆ. ವೈರು ಜೋಡಿಸುವುದು, ಇಲಿ ಕಡಿದ ಕೇಬಲ್ಲು ಬದಲಿಸುವುದು, ಹುಡುಗರ ತಪ್ಪು ಹುಡುಕಿಕೊಡುವುದು ಇವರ ಪಾಲಿಗೆ. ಉತ್ತರ ನೋಡದೆ ಅವರು ಸ್ಟೀಲಿನ ಪಟ್ಟಿಯೊಂದನ್ನು ಸಾಲುಗಳು ಶುರುವಾಗುವ ಅಂಚಿಗೆ ನೆಟ್ಟಗೆ ಇಟ್ಟರು.

“ಈ ಸಾಲು ಯಾಕ ಹೊರಗ ಬಂದೈತಿ? ಇದು ಯಾಕ ಇಷ್ಟ ಒಳಗ ಹೋಗೈತಿ?”

“ಪ್ರೋಗ್ರಾಮ್ ಓಡತೈತಲ್ರಿ ಸರ್.”

“ಕತ್ತೇನೂ ಓಡತೈತಿ. ನಾಳೆ ಇದನ್ನ ತಿದ್ದಾಕ ಕುಂತಾಂವಗ ತಿಳೀಬೇಕಲ್ಲ. ಅವ ನಿನ್ನ ಮಾರಿ ನೋಡಿರೂದಿಲ್ಲ, ನೀ ಅವನ ಮಾರಿ ನೋಡಿರೂದಿಲ್ಲ. ನಿಮ್ಮಿಬ್ಬರ ನಡುವ ಈ ಸಾಲು ಅಷ್ಟ ಇರತಾವು.”

ಆವತ್ತು ಅವರು ತಮ್ಮ ಕಂಪ್ಯೂಟರಿನಲ್ಲಿ ಲಿನಕ್ಸಿನ ಕರ್ನಲ್ ತೆರೆದು ತೋರಿಸಿದರು. ಯಂತ್ರದ ಒಡಲಲ್ಲಿದ್ದು ಉಳಿದ ಕೆಲಸವನ್ನೆಲ್ಲ ನಡೆಸುವ ಮೂಲ ಬರಹ ಅದು. ಜಗತ್ತಿನ ಸಾವಿರಾರು ಜನ ಅದಕ್ಕೆ ಕೈ ಹಚ್ಚಿದ್ದಾರೆ, ಇನ್ನೂ ಹಚ್ಚುತ್ತಲೇ ಇದ್ದಾರೆ. ಯಾರು ಬರೆದರೂ ಒಬ್ಬನೇ ಬರೆದಂತೆ ಕಾಣಬೇಕೆಂದು ಅವರು ಒಂದು ಕಟ್ಟಳೆ ಮಾಡಿಕೊಂಡಿದ್ದಾರೆ. ಒಳಗೆ ಸರಿಯುವ ಸಾಲು ಎಂಟು ಅಕ್ಷರದಷ್ಟು ಸರಿಯಬೇಕು. ಸಾಲು ತೀರ ಉದ್ದವಾಗಬಾರದು. ಕೊನೆಯಲ್ಲಿ ಕಣ್ಣಿಗೆ ಕಾಣದ ಖಾಲಿ ಜಾಗ ಬಿಡಬಾರದು.

“ಒಳಗ ಒಳಗ ಮೂರು ಮನಿ ಹೊಕ್ಕರ ಸಾಕು. ನಾಕನೇದಕ್ಕ ಹೊಂಟಿ ಅಂದ್ರ ದಾರಿ ತಪ್ಪೀ ಅಂತ ತಿಳಕೊ,” ಎಂದಿದ್ದರು ಅವರು.

ಪಟ್ಟಿ ಸರ್ ಅಂತ ಹುಡುಗರು ಅವರಿಗೆ ಹೆಸರಿಟ್ಟಿದ್ದರು. ರೆಹಾನಳೂ ಹಾಗೇ ಕರೆದಿದ್ದಳು, ಬೆನ್ನ ಹಿಂದೆ. ಕಾಲೇಜು ಬಿಟ್ಟ ಮೇಲೂ ಭಾನುವಾರಕ್ಕೊಮ್ಮೆ ಅವರ ಫೋನು ಬರುತ್ತಿತ್ತು. ಅರ್ಧ ತಾಸು ಮಾತಾಡಿದರೆ ಅದರಲ್ಲಿ ಇಪ್ಪತ್ತೈದು ಮಿನಿಟು ಸಾಲುಗಳದೇ ಮಾತು. ಇನ್ನು ಭಾನುವಾರ ಬಂದರೆ ಫೋನು ಯಾಕೆ ಸುಮ್ಮನಿದೆ ಎಂದು ನೋಡಿಕೊಳ್ಳುವುದೊಂದೇ ಉಳಿದದ್ದು.

*

ಮಧ್ಯಾಹ್ನ ಹನ್ನೆರಡಾದರೂ ಕುಣಿ ಮುಗಿದಿರಲಿಲ್ಲ. ಸಂಗಪ್ಪ ಜೆಸಿಬಿಯನ್ನು ತಿರುಗಿಸಿ ಕಳಿಸಿ ಇಬ್ಬರನ್ನು ಹಚ್ಚಿಕೊಂಡು ಕೈಯಲ್ಲೇ ತೋಡುತ್ತಿದ್ದಾನೆಂದು ಸುದ್ದಿ ಬಂತು. ಸುಭಾಸ ಫೋನಿನಲ್ಲಿ ಅವನಿಗೆ ಬೈದು, ಆಮೇಲೆ ರೆಹಾನಳ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕೂತ.

“ಕಾಕಾಂದು ಫ್ಲೆಕ್ಸ್ ಮಾಡಸಾಕತ್ತೇನಿ. ಫೋಟೋದ ಕೆಳಗ ಏನ ಹಾಕ್ಲಿ? ಕಂಪ್ಯೂಟರ್ ವಿಜ್ಞಾನಿ ಅಂತ ಹಾಕ್ಲೇನು?”

“ಸರ್ ವಿಜ್ಞಾನಿ ಅಲ್ರಿ.”

“ಮತ್ತ ಫಾರಿನ್ ಮಂದಿ ಮೇಲ್ ಮಾಡತಿದ್ರಲ್ಲ? ಎಲ್ಲಾರ ಮೊಬೈಲಿನಾಗೂ ಅದ ಇರತೈತಿ ಅಂತ ಒಬ್ಬ ಹೇಳಿದ. ಅದನ್ನ ಕಾಕಾ ಬರದಾನ ಅಂದ್ರ ಬರದಾನ. ಯಾರು ಹೋಗಿ ನೋಡತಾರ?”

ಅಡುಗೆಮನೆಯಿಂದ ಮೀನಾ ತಲೆ ಹೊರಹಾಕಿದಳು. ಚನ್ನವ್ವನ ತಂಗಿ, ರಾಮದುರ್ಗದವಳು, ಮನಸ್ಸಿನಲ್ಲಿದ್ದದ್ದು ನಾಲಿಗೆಗೆ ಬರಲು ಅವಳಿಗೆ ಹೊತ್ತು ಬೇಕಾಗುವುದಿಲ್ಲ. “ಹಾಕಸಪಾ. ಏನರ ಒಂದು ಆಗಿದ್ರು ಅಂದ್ರ ನಮ್ಮಕ್ಕನ ಜೀವಕ್ಕ ಸಮಾಧಾನ. ಮದಿವಿ, ಮುಂಜಿ, ಹಬ್ಬ, ಹರಿದಿನ ಯಾವುದಕ್ಕೂ ಆ ಮನಷ್ಯಾ ಅದನ್ನ ಬಿಟ್ಟು ಏಳಲಿಲ್ಲ. ಸವತಿ ಇದ್ದಿದ್ರ ಜಗಳಾರ ಆಡಬಹುದಿತ್ತು.”

ಚನ್ನವ್ವ ಗಂಡನ ಪಕ್ಕದಿಂದಲೇ ರೆಹಾನಳತ್ತ ನೋಡಿದಳು. ಒಂದು ಮಾತು ಹೌದೆಂದರೆ ಸಾಕಿತ್ತು. ವಿಜ್ಞಾನಿಯ ಹೆಂಡತಿಯಾಗಿ ಆಕೆ ಗಂಡನನ್ನು ಕಳಿಸಿಕೊಡಬಹುದಿತ್ತು. ರೆಹಾನಳ ಬಾಯಿಗೆ ಆ ಸುಳ್ಳು ಬಂದೂ ಬಂತು. ಆದರೆ ಗೋಡೆಗೆ ಆನಿಸಿ ಕೂರಿಸಿದವರು ಎದುರಿಗೇ ಇದ್ದರು. ಬದುಕಿದ್ದಾಗ ಅವರ ಮುಂದೆ ಒಂದು ಸಾಲು ಸೊಟ್ಟ ಬರೆಯಲು ಹೆದರಿದವಳು ಇವತ್ತು ಹೇಗೆ ಹೇಳಿಯಾಳು?

“ಬರೇ ಹೆಸರು ಹಾಕಸ್ರಿ,” ಎಂದಳು.

*

ಗಂಗಯ್ಯನವರು ಕರ್ನಲ್ಲಿಗೆ ಮೊದಲ ತಿದ್ದುಪಡಿ ಕಳಿಸಿದ ಕಥೆಯನ್ನು ರೆಹಾನಳಿಗೆ ಒಂದೇ ಸಲ ಹೇಳಿದ್ದರು.

ಕಂಪ್ಯೂಟರಿನೊಳಗೆ ಸಿಕ್ಕಿಸುವ ಯಾವುದೋ ಹಳೆಯ ಕಾರ್ಡಿನ ಫೈಲಿನಲ್ಲಿ ಒಂದು ಸಾಲಿನ ಕೊನೆಗೆ ಖಾಲಿ ಜಾಗ ಉಳಿದಿತ್ತು. ಅದನ್ನು ತೆಗೆದು, ಹೀಗೆ ತೆಗೆದಿದ್ದೇನೆಂದು ಬರೆದು ಮೇಲ್ ಮಾಡಿದರು. ದೂರದ ದೇಶದಿಂದ ಒಬ್ಬಾತ ವಾಪಸು ಕಳಿಸಿದ. ಇವರ ಮೇಲ್ ಪ್ರೋಗ್ರಾಮು ಅತಿಜಾಣತನ ಮಾಡಿ, ಎಂಟೆಂಟು ಅಕ್ಷರದಷ್ಟು ಸರಿದಿದ್ದ ಸಾಲುಗಳನ್ನೆಲ್ಲ ಕಳಿಸುವಾಗ ಕಲಸಿಬಿಟ್ಟಿತ್ತು. ಕಸ ತೆಗೆಯಲು ಹೋದವನು ಕೆಸರು ಮೆತ್ತಿ ಬಂದಂತಾಗಿತ್ತು. ಅವರು ಹನ್ನೊಂದು ದಿನ ತಿಣುಕಾಡಿ ತಪ್ಪು ಎಲ್ಲಿದೆಯೆಂದು ಹುಡುಕಿ ಮತ್ತೆ ಕಳಿಸಿದರು. ಈ ಸಲ ಅಲ್ಲಿಯವರು ಒಪ್ಪಿದರು. ಗಂಗಯ್ಯ ಎಂಬ ಹೆಸರು ಆ ತಿದ್ದುಪಡಿಯ ಜೊತೆ ಶಾಶ್ವತವಾಗಿ ಸೇರಿತು.

ಮರುದಿನ ಅವರು ಒಂದು ಕಿಲೋ ಧಾರವಾಡ ಪೇಡೆ ತರಿಸಿ ಸ್ಟಾಫ್ ರೂಮಿನಲ್ಲಿ ಹಂಚಿದರು. ಏನು ವಿಶೇಷ ಎಂದು ಕೇಳಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

“ಖಾಲಿ ಜಾಗ ತಗದಿದ್ದಕ್ಕ ಪೇಡೆ ಅಂದ್ರ, ತುಂಬಿದ್ದು ತಗದಾಗ ಹೋಳಿಗಿ ಊಟ ಹಾಕಸ್ತೀರೇನ್ರಿ?” ಎಂದರಂತೆ ಒಬ್ಬರು. ಎಲ್ಲರೂ ನಕ್ಕರು, ಇವರೂ ನಕ್ಕರು. ಉಳಿದ ಪೇಡೆ ಮನೆಗೆ ತಂದು ಹೆಂಡತಿಯ ಕೈಗೆ ಕೊಟ್ಟರು. ಚನ್ನವ್ವ ಒಂದು ಪೇಡೆ ಬಾಯಿಗೆ ಹಾಕಿಕೊಂಡು ಎಲ್ಲ ಕೇಳಿ, “ಅಲ್ಲಿ ಏನೂ ಇರಲಿಲ್ಲ ಅಂತೀರಿ. ಮತ್ತ ತಗದದ್ದು ಏನ್ರಿ?” ಎಂದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

“ಆಕೀದೇನ ತಪ್ಪಿಲ್ಲ,” ಎಂದಿದ್ದರು ಗಂಗಯ್ಯ ರೆಹಾನಳಿಗೆ. “ಏನೂ ಇಲ್ಲದ್ದನ್ನ ತಗದೇನಿ ಅಂದ್ರ ಯಾರಿಗಾದ್ರೂ ನಗು ಬರತೈತಿ.”

ಆಮೇಲೆ ಅವರು ರೆಹಾನಳನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ನಿವೃತ್ತಿಯಾಗಿ ಐದು ವರ್ಷವಾದರೂ ನಿಲ್ಲಿಸಲಿಲ್ಲ. ಒಟ್ಟು ಇನ್ನೂರ ಹದಿನಾಲ್ಕು ತಿದ್ದುಪಡಿ. ಮೊದಲಿನದು ಬಿಟ್ಟರೆ ಒಂದಕ್ಕೂ ಪೇಡೆ ತರಲಿಲ್ಲ.

*

ರುದ್ರಭೂಮಿಗೆ ಹೋಗುವ ದಾರಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಪಕ್ಕಕ್ಕೆ ನಿಂತು ದಾರಿ ಬಿಟ್ಟವು. ಹೂವು ಕಟ್ಟಿದ ಮರದ ಕುರ್ಚಿಯಲ್ಲಿ ಗಂಗಯ್ಯನವರು ಎಲ್ಲರಿಗಿಂತ ಎತ್ತರದಲ್ಲಿ ಕೂತು ಹೊರಟಿದ್ದರು. ಹೆಂಗಸರ ಹಿಂದೆ ರೆಹಾನ ದುಪಟ್ಟಾ ತಲೆಮೇಲೆ ಎಳೆದುಕೊಂಡು ನಡೆದಳು.

ಕುಣಿಯ ಹತ್ತಿರ ಬಂದು ಇಳಿಸಿದರೂ ಸಂಗಪ್ಪ ಒಳಗಿನಿಂದ ಮೇಲೆ ಬರಲಿಲ್ಲ. ಒಂಬತ್ತು ಪಾದ ಉದ್ದ, ಐದು ಪಾದ ಅಗಲ, ನಾಲ್ಕೂ ಗೋಡೆ ಕೊರೆದಿಟ್ಟಂತೆ ನೆಟ್ಟಗಿದ್ದವು. ಅಯ್ಯನವರು ಕೂರಬೇಕಾದ ಗೂಡಿನ ಒಂದು ಮೂಲೆಯನ್ನು ಅವನು ಕಳೆ ತೆಗೆಯುವ ಕುರ್ಚಿಗೆಯಿಂದ ಇನ್ನೂ ಕೆರೆಯುತ್ತಿದ್ದ.

“ಸಾಕ ಮಾಡಪಾ ಇನ್ನ,” ಎಂದ ಸುಭಾಸ. “ಹತ್ತು ಮಿನಿಟಿಗೆ ಮಣ್ಣ ಮುಚ್ಚತೈತಿ. ಮೂಲಿ ನೆಟ್ಟಗ ಇದ್ರೇನು, ಸೊಟ್ಟ ಇದ್ರೇನು? ಯಾರ ನೋಡಾವ್ರು?”

“ನಾ ನೋಡಾಕತ್ತೇನಲ್ರಿ,” ಎಂದ ಸಂಗಪ್ಪ, ತಲೆ ಎತ್ತದೆ.

ರೆಹಾನ ಆ ಮೂಲೆಯನ್ನೇ ನೋಡುತ್ತಿದ್ದಳು. ಸಂಗಪ್ಪ ಅಂಗೈಯಿಂದ ಗೋಡೆ ಸವರಿ, ಉದುರಿದ ಮಣ್ಣನ್ನು ಬಾಚಿ ಬುಟ್ಟಿಗೆ ತುಂಬಿ ಮೇಲೆ ಕೊಟ್ಟ. ಅವಳು ಜನರನ್ನು ದಾಟಿ ಚನ್ನವ್ವನ ಪಕ್ಕ ಬಂದು ನಿಂತಳು.

“ಅವ್ವಾರ.”

“ಹೇಳವ್ವಾ.”

“ಸಾಲಿನ ಕೊನ್ಯಾಗ ಖಾಲಿ ಜಾಗ ಉಳದಿರತಾವ್ರಿ. ಸರ್ ಅವನ್ನ ತಗೀತಿದ್ರು. ಸಾಲು ಹಿಂದ ಮುಂದ ಆಗಿದ್ರ ನೆಟ್ಟಗ ಮಾಡತಿದ್ರು. ಇಪ್ಪತ್ತು ವರ್ಷ ಅದನ್ನ ಮಾಡ್ಯಾರ್ರಿ. ಹೊಸಾದು ಏನೂ ಬರದಿಲ್ಲ.”

ಚನ್ನವ್ವ ನಗಲಿಲ್ಲ.

“ಅದರಿಂದ ಮಿಷನ್ನು ಜೋರು ಓಡತೈತೇನು?”

“ಇಲ್ರಿ. ಮಿಷನ್ನಿಗೆ ಗೊತ್ತಾಗೂದ ಇಲ್ಲ. ಓದಾಂವಗ ಅಷ್ಟ ಗೊತ್ತಾಗತೈತಿ. ಅವನ ಕಣ್ಣಿಗೆ ತ್ರಾಸ ಆಗೂದಿಲ್ಲ.”

“ಕಾಳು ಹಸನ ಮಾಡಿದಂಗ.”

“ಹೌದ್ರಿ.”

ಗಂಗಯ್ಯನವರನ್ನು ನಾಲ್ಕು ಜನ ತೋಳು ಕೊಟ್ಟು ಕುಣಿಗೆ ಇಳಿಸುತ್ತಿದ್ದರು. ಸಂಗಪ್ಪ ಕೆಳಗಿನಿಂದ ಆನಿಸಿಕೊಂಡ. ಗೂಡಿನಲ್ಲಿ ಕೂರಿಸಿದರೆ ಭುಜದ ಎಡಕ್ಕೂ ಬಲಕ್ಕೂ ಒಂದೇ ಸಮ ಜಾಗ ಉಳಿಯಿತು.

“ಒಮ್ಮಿ ಪೇಡೆ ತಂದಿದ್ರು,” ಎಂದಳು ಚನ್ನವ್ವ. “ನಾ ನಕ್ಕೆ.”

“ಗೊತ್ತೈತ್ರಿ. ಸರ್ ಹೇಳಿದ್ರು.”

“ಬೈದ್ರೇನು ನನಗ?”

“ಇಲ್ರಿ.”

“ಬೈದಿದ್ರ ಚಲೋ ಇತ್ತು.” ಆಕೆಯ ಕೈಯಲ್ಲಿದ್ದ ಬಿಲ್ವಪತ್ರೆ ಮುದ್ದೆಯಾಗಿತ್ತು. “ಆಮ್ಯಾಲ ಎಷ್ಟೋ ಸಲ ಬಾಗಲದಾಗ ಹೋಗಿ ನಿಂತೇನಿ. ಏನಂತ ಕೇಳಬೇಕು ಅನ್ನೂದ ತಿಳೀಲಿಲ್ಲ. ಚಾ ಬೇಕೇನು ಅಂತ ಕೇಳಿ ತಿರುಗಿ ಬರತಿದ್ನಿ.”

ಚನ್ನವ್ವನನ್ನು ಮುಂದೆ ಕರೆದರು. ಆಕೆ ಪತ್ರೆಯ ಎಲೆಗಳನ್ನು ಒಂದೊಂದಾಗಿ ಬಿಡಿಸಿ, ಸರಿಮಾಡಿ, ಗಂಡನ ಮೇಲೆ ಹಾಕಿದಳು. ಬಾಗಿ ಅವರ ಹೆಸರು ಕರೆಯಬೇಕೆನ್ನಿಸಿತು. ನಲವತ್ತು ವರ್ಷದಲ್ಲಿ ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ, ಈಗಲೂ ಬಾಯಿ ಬರಲಿಲ್ಲ. ಮಣ್ಣು ಬಿದ್ದಿತು.

ತಿರುಗಿ ಬರುವಾಗ ರೆಹಾನಳ ಕೈ ಹಿಡಿದು ಹೇಳಿದಳು, “ಮನಿಗೆ ಬಂದು ತೋರಸು. ನಾನೂ ಒಮ್ಮಿ ನೋಡತೇನಿ.”

*

ಮೀನಾ ಪಡಸಾಲೆ ತೊಳೆದು, ಗಂಗಯ್ಯನವರು ಕೂತಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟಿದ್ದಳು. ಸ್ನಾನ ಮುಗಿಸಿ ಬಂದ ಚನ್ನವ್ವ ಒದ್ದೆ ಕೂದಲಲ್ಲೇ ಒಳಕೋಣೆಗೆ ಹೋಗಿ ಕುರ್ಚಿಯಲ್ಲಿ ಕೂತಳು. ಆ ಕುರ್ಚಿಯಲ್ಲಿ ಆಕೆ ಕೂತದ್ದು ಅದೇ ಮೊದಲು. ರೆಹಾನಳಿಗೆ ಐದೂವರೆಯ ಕಿತ್ತೂರು ಬಸ್ಸು ಹಿಡಿಯಬೇಕಿತ್ತು. ಅವಳು ಲ್ಯಾಪ್‌ಟಾಪು ತೆರೆದಳು.

ಪರದೆ ಬೆಳಗಿತು. ನಿನ್ನೆ ಬಿಟ್ಟುಹೋದ ಫೈಲು ಹಾಗೇ ಇತ್ತು. ರೆಹಾನ ಮೊದಲು ಅದರ ಹಳೆಯ ಪ್ರತಿ ತೋರಿಸಿದಳು. ಸಾಲುಗಳ ಕೊನೆಗೆಲ್ಲ ಸಣ್ಣ ಸಣ್ಣ ಕೆಂಪು ಚೌಕ, ಮಗುವಿನ ಮೈಮೇಲೆ ದಡಾರ ಎದ್ದಂತೆ.

“ಖಾಲಿ ಜಾಗ ಕಣ್ಣಿಗೆ ಕಾಣೂದಿಲ್ರಿ. ಅದಕ್ಕ ಹಿಂಗ ಕೆಂಪಗ ಕಾಣೂವಂಗ ಮಾಡಿಕೊಂಡಿದ್ರು. ಇದು ಮೊದಲಿಂದು. ಇದು ಸರ್ ಮಾಡಿದ್ದು.”

ಎರಡನೆಯದು ತಿಳಿಯಾಗಿತ್ತು. ಚನ್ನವ್ವ ಅಕ್ಷರ ಓದಲಿಲ್ಲ, ಸಾಲುಗಳನ್ನು ನೋಡಿದಳು. ಅವು ಒಂದರ ಕೆಳಗೊಂದು ಅಳತೆ ತಪ್ಪದೆ ಒಳಗೆ ಸರಿದು, ಮತ್ತೆ ಹೊರಗೆ ಬಂದು, ನಿಂತಿದ್ದವು. ಅಡುಗೆಮನೆಯ ಡಬ್ಬಿಗಳನ್ನು ಅವರು ಸಾಲು ಹಚ್ಚಿ ಇಡುತ್ತಿದ್ದುದು, ತಾನು ರೇಗುತ್ತಿದ್ದುದು ನೆನಪಾಯಿತು. ಕೆಳಗೆ ಹೋದಂತೆ ಆಕೆಯ ಕಣ್ಣು ಒಂದು ಕಡೆ ನಿಂತಿತು.

“ಇಲ್ಲಿ ಮೂರು ಕೆಂಪು ಅದಾವಲ್ಲ.”

“ಅವು ಉಳದಾವ್ರಿ. ನಿನ್ನಿ ಎಂಟೂ ನಲವತ್ತಕ್ಕ ಬಿಟ್ಟು ಎದ್ದಾರ, ಇಲ್ಲಿ ಟೈಮ್ ಐತ್ರಿ.”

“ನಾನ ಕರದಿದ್ನಿ,” ಎಂದಳು ಚನ್ನವ್ವ. “ರೊಟ್ಟಿ ಆರಾಕತ್ತಾವು ಬರ್ರಿ ಅಂತ. ಒಂದ ಐದು ಮಿನಿಟು ಅಂದ್ರು. ಎರಡನೇ ಸಲ ಕರದೆ. ಎದ್ದು ಬಂದ್ರು.”

ಉಂಡು, ಎದೆ ಯಾಕೋ ಭಾರವೆಂದು ಸ್ವಲ್ಪ ಅಡ್ಡಾದವರು ಮತ್ತೆ ಏಳಲಿಲ್ಲ. ಅದನ್ನು ಬೆಳಗಿನಿಂದ ಬಂದವರಿಗೆಲ್ಲ ಹೇಳಿಯಾಗಿತ್ತು, ಈಗ ಹೇಳಲಿಲ್ಲ.

“ಹೆಂಗ ತಗೀತಿದ್ರು?”

ರೆಹಾನ ಮೊದಲ ಕೆಂಪು ಚೌಕದ ಮುಂದೆ ಕರ್ಸರ್ ಒಯ್ದಿಟ್ಟು, ಆಕೆಯ ತೋರುಬೆರಳನ್ನು ಹಿಡಿದು ಒಂದು ಗುಂಡಿಯ ಮೇಲಿಟ್ಟಳು. “ಒತ್ರಿ.”

ಒತ್ತಿದಳು. ಕೆಂಪು ಹೋಯಿತು. ಬೇರೆ ಏನೂ ಆಗಲಿಲ್ಲ. ಒಂದು ಅಕ್ಷರವೂ ಜರುಗಲಿಲ್ಲ. ಚನ್ನವ್ವ ಅದು ಇದ್ದ ಜಾಗವನ್ನು ಬಹಳ ಹೊತ್ತು ನೋಡಿದಳು.

ಎರಡನೆಯದನ್ನೂ ಒತ್ತಿದಳು. ಮೂರನೆಯದರ ಹತ್ತಿರ ಆಕೆಯ ಬೆರಳು ಗುಂಡಿಯ ಮೇಲೆ ನಿಂತು, ಹಿಂದಕ್ಕೆ ಬಂತು.

“ಇದು ಇರಲಿ.”

“ಒಂದ ಉಳದೈತ್ರಿ ಅವ್ವಾರ. ಒತ್ತಿದ್ರ ಮುಗೀತು.”

“ಇರಲಿ. ಉಂಡು ಬಂದು ಮಾಡತೇನಿ ಅಂದಿದ್ರು.”

ಹೊರಗಿನಿಂದ ಮೀನಾ ಅಕ್ಕನನ್ನು ಕರೆದಳು. ಚನ್ನವ್ವ ಎದ್ದು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕಾಗದ ತೆಗೆದು ಮಡಿಕೆ ಬಿಡಿಸಿದಳು. ಕುರ್ಚಿಯನ್ನು ಮೊದಲಿನ ಜಾಗಕ್ಕೆ ಸರಿಸಿ, ಮೇಜಿನ ಕೆಳಗೆ ಬಗ್ಗಿ, ಆ ಕಾಗದವನ್ನು ಅವರು ಕಾಲಿಡುತ್ತಿದ್ದ ಕಡೆ ನೆಲಕ್ಕೆ ಹಾಸಿದಳು. ಪೆನ್ಸಿಲ್ಲಿನ ಪಾದ ಮೇಲೆ ಬಂದಿತ್ತು. ಅದು ತುಸು ಓರೆಯಾಗಿದೆಯೆನ್ನಿಸಿ, ಎರಡೂ ಕೈಯಿಂದ ಹಿಡಿದು, ನೆಟ್ಟಗೆ ಮಾಡಿದಳು.